ಅಘನಾಶಿನಿ ಅಳಿವೆಯ ಸುತ್ತ ಗ್ರಾವೆಲ್ ಸೈಕಲ್ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಕಳೆದು ಕರಾವಳಿಯ ನೆಲ ಒಣಗುತ್ತಿದ್ದಂತೆ ಗೆಳೆಯರ ಸಂದೇಶಗಳು ಶುರುವಾಗುತ್ತವೆ. ಪ್ರತಿ ವರ್ಷವೂ ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಬೆರಳು ಸೋತಿರುವುದರಿಂದ ಎಲ್ಲವನ್ನೂ ಇಲ್ಲಿ ಒಂದೆಡೆ ಸೇರಿಸಿದ್ದೇನೆ. ನಾನು ಕುಮಟಾದವನು, ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿರುವವನು. ರಜೆ ಸಿಕ್ಕಾಗಲೆಲ್ಲ ಈ ದಾರಿಗಳಲ್ಲೇ ಸುತ್ತುತ್ತೇನೆ. ಕೆಲವು ಉತ್ತರಗಳಲ್ಲಿ ಊರಿನವನ ಹಟವೂ ಬೆರೆತಿದ್ದರೆ ಸಹಿಸಿಕೊಳ್ಳಿ.

ಗ್ರಾವೆಲ್ ಸೈಕಲ್ ಎಂದರೆ ಏನು? ಮನೆಯಲ್ಲಿರುವ ಸೈಕಲ್ ಸಾಲುವುದಿಲ್ಲವೇ?

ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಅದಕ್ಕಿಂತ ದಪ್ಪನೆಯ ಟೈರು, ಕಡಿದಾದ ಏರಿಗೆ ಬೇಕಾದ ಹಗುರ ಗೇರು. ಡಾಂಬರಿನ ಮೇಲೂ ಜಲ್ಲಿ, ಕೆಮ್ಮಣ್ಣಿನ ಮೇಲೂ ಒಂದೇ ಸೈಕಲ್ಲಿನಲ್ಲಿ ಹೋಗಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಊರಿನಲ್ಲಿ ಅದನ್ನು ‘ಗ್ರಾವೆಲ್ ಬೈಕ್’ ಎನ್ನಬೇಡಿ. ನಾನು ಒಮ್ಮೆ ಹಾಗೆಂದಾಗ ಕಾಗಾಲದ ಅಂಗಡಿಯವರು ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದ್ದರು. ಇಲ್ಲಿ ಬೈಕ್ ಎಂದರೆ ಪೆಟ್ರೋಲ್ ಕುಡಿಯುವುದು, ತುಳಿಯುವುದೆಲ್ಲ ಸೈಕಲ್.

ನಿಮ್ಮಲ್ಲಿ ಗುಡ್ಡಗಾಡಿಗೆಂದೇ ಮಾಡಿದ ಹಳೆಯ ಎಂಟಿಬಿ ಸೈಕಲ್ ಅಥವಾ ಸ್ವಲ್ಪ ದಪ್ಪ ಟೈರಿನ ಹೈಬ್ರಿಡ್ ಇದ್ದರೆ ಧಾರಾಳವಾಗಿ ತನ್ನಿ. ತೆಳು ಟೈರಿನ ರೋಡ್ ಸೈಕಲ್ ಮಾತ್ರ ಬೇಡ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಸ್ವಲ್ಪ ಹೊತ್ತಿಗೇ ನೀವು ಅದನ್ನು ಹೊತ್ತು ನಡೆಯುತ್ತೀರಿ.

ಅಳಿವೆ ಎಂದರೆ ನಿಖರವಾಗಿ ಯಾವ ಜಾಗ?

ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ಘಟ್ಟವಿಳಿದು ಬಂದು ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ಒಂದೂ ಅಣೆಕಟ್ಟಿಲ್ಲ. ಸೇರುವ ಬಾಯಿಯ ದಕ್ಷಿಣ ದಂಡೆಯಲ್ಲಿ ಅಘನಾಶಿನಿ ಎಂಬ ಊರೇ ಇದೆ, ಉತ್ತರ ದಂಡೆಯಲ್ಲಿ ತದಡಿ. ಎರಡರ ನಡುವಿನ ಬಾಯಿ ಕಿರಿದು. ಅದರ ಒಳಗೆ ನೀರು ಅಗಲವಾಗಿ ಹರಡಿಕೊಂಡು ಕುರ್ವೆಗಳನ್ನೂ ಕಾಂಡ್ಲಾ ಕಾಡುಗಳನ್ನೂ ಗಜನಿ ಗದ್ದೆಗಳನ್ನೂ ಸುತ್ತುವರಿದಿದೆ. ಕುರ್ವೆ ಎಂದರೆ ನದಿಯ ನಡುಗಡ್ಡೆ, ಕಾಂಡ್ಲಾ ಎಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ಗಜನಿ ಎಂದರೆ ಉಪ್ಪುನೀರು ಬಂದು ಹೋಗುವ ತಗ್ಗು ಭೂಮಿ.

ಈ ಬರಹದಲ್ಲಿರುವ ದಾರಿಗಳೆಲ್ಲ ಈ ನೀರನ್ನೇ ಸುತ್ತುತ್ತವೆ. ದಕ್ಷಿಣಕ್ಕೆ ಕುಮಟಾ, ಹೆಗಡೆ, ಲುಕ್ಕೇರಿ, ಮಾಣಿಕಟ್ಟಾ, ಬಾಡ, ಕಾಗಾಲ. ಪೂರ್ವಕ್ಕೆ ದೀವಗಿ, ಮಿರ್ಜಾನ. ಉತ್ತರಕ್ಕೆ ತದಡಿ, ಸಾಣಿಕಟ್ಟಾ, ಗೋಕರ್ಣ.

ಸಂರಕ್ಷಿತ ಪ್ರದೇಶ ಎನ್ನುತ್ತೀರಿ. ಒಳಗೆ ಸೈಕಲ್ ಬಿಡುತ್ತಾರೆಯೇ? ಗೇಟು, ಟಿಕೆಟ್ಟು ಏನಾದರೂ ಇದೆಯೇ?

ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ ಅದು. ವಿಸ್ತೀರ್ಣ 4,801 ಹೆಕ್ಟೇರ್. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೂಡ ಅದೇ ದಿನ ಸೇರಿದವು. ರಾಜ್ಯದಲ್ಲಿ ಅದಕ್ಕೂ ಮೊದಲು ಇದ್ದದ್ದು ರಂಗನತಿಟ್ಟು ಒಂದೇ.

ಅಭಯಾರಣ್ಯಕ್ಕೆ ಬೇಲಿ ಹಾಕುವಂತೆ ರಾಮ್ಸಾರ್ ತಾಣಕ್ಕೆ ಯಾರೂ ಬೇಲಿ ಹಾಕುವುದಿಲ್ಲ. ಇಲ್ಲಿ ಜನ ಇದ್ದಾರೆ, ಮೊದಲಿನಿಂದಲೂ ಇದ್ದಾರೆ. ಚಿಪ್ಪಿ ಹೆಕ್ಕುವವರು, ಬಲೆ ಬೀಸುವವರು, ಉಪ್ಪು ತೆಗೆಯುವವರು, ಕಗ್ಗ ಭತ್ತ ಬೆಳೆಯುವವರು. ಹಾಗಾಗಿ ‘ಒಳಗೆ ಬಿಡುತ್ತಾರೆಯೇ’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಇಲಾಖೆಯ ಬಳಿ ಅರ್ಧ ಇದ್ದರೆ, ಗದ್ದೆಯ ಕಟ್ಟೆಯ ಮೇಲೆ ಕುಳಿತವರ ಬಳಿ ಇನ್ನರ್ಧ ಇದೆ. ಕಾಂಡ್ಲಾ ಗಿಡಗಳಿಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಅತಿ ಹೆಚ್ಚಿನ ರಕ್ಷಣೆಯಿದೆ. ಅವುಗಳ ನಡುವೆ ದಾರಿ ಮಾಡಿಕೊಂಡು ನುಗ್ಗುವಂತಿಲ್ಲ. ಗುಡ್ಡದ ಕಡೆ ಅರಣ್ಯ ಇಲಾಖೆಯ ಫಲಕ ಕಂಡರೆ ಅಲ್ಲಿಗೇ ನಿಲ್ಲಿಸಿ ವಲಯ ಕಚೇರಿಯಲ್ಲಿ ಕೇಳಿಕೊಳ್ಳಿ. ಉಳಿದಂತೆ ಊರಿನ ರಸ್ತೆ, ಕೆಮ್ಮಣ್ಣಿನ ದಾರಿ ಎಲ್ಲರದೂ ಹೌದು.

ಯಾವ ತಿಂಗಳಿನಲ್ಲಿ ಬರಬೇಕು?

ನವೆಂಬರಿನಿಂದ ಫೆಬ್ರುವರಿ. ಮಾರ್ಚಿನಲ್ಲಿ ಬಿಸಿಲು ಬೆನ್ನಿಗೆ ಕೂರುತ್ತದೆ. ಏಪ್ರಿಲ್, ಮೇ ತಿಂಗಳಿನಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ಮುಗಿಸಬೇಕು, ಆದರೆ ಕರಿ ಈಶಾಡು ಮಾವಿನ ಹಣ್ಣಿಗಾಗಿ ಆ ಬಿಸಿಲನ್ನೂ ತಡೆದುಕೊಳ್ಳಬಹುದು ಎನ್ನುವ ಪಕ್ಷದವನು ನಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಲೇಬೇಡಿ. ಮಳೆಗಾಲದ ಕರಾವಳಿ ನೋಡಲು ಚೆಂದ ನಿಜ. ಆದರೆ ಜಂಬಿಟ್ಟಿಗೆ ಮಣ್ಣಿನ ಮೇಲೆ ಪಾಚಿ ಕಟ್ಟಿದಾಗ ಬ್ರೇಕು ಹಿಡಿದರೂ ಚಕ್ರ ನಿಲ್ಲುವುದಿಲ್ಲ, ಕಟ್ಟೆಗಳೆಲ್ಲ ಮೆತ್ತಗಾಗಿರುತ್ತವೆ, ಗದ್ದೆಯಲ್ಲಿ ಪೈರು ಇರುತ್ತದೆ. ಹೆದ್ದಾರಿಯ ಗುಡ್ಡಗಳನ್ನೂ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಈ ಸೀಮೆಯವರು ಯಾರೂ ಮರೆತಿಲ್ಲ.

ಉಬ್ಬರ ಇಳಿತದ ಲೆಕ್ಕ ನನಗೇಕೆ ಬೇಕು? ನಾನು ದೋಣಿ ನಡೆಸುವವನಲ್ಲವಲ್ಲ.

ಎಲ್ಲ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಇದೇ. ಆದರೆ ಇದನ್ನು ಯಾರೂ ಮೊದಲು ಕೇಳುವುದಿಲ್ಲ, ಸಿಕ್ಕಿಹಾಕಿಕೊಂಡ ಮೇಲೆ ಕೇಳುತ್ತಾರೆ.

ಅಳಿವೆಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಮರುದಿನ ಅದೇ ಹಂತ ಬರಲು ಸುಮಾರು 50 ನಿಮಿಷ ತಡವಾಗುತ್ತದೆ. ಹೀಗಾಗಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಒಣಗಿದ್ದ ದಾರಿ ಮುಂದಿನ ಶನಿವಾರ ಹತ್ತಕ್ಕೆ ಮೊಣಕಾಲು ನೀರಿನಲ್ಲಿರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. ಆ ದಿನಗಳಲ್ಲಿ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ನೀರು ತುಂಬಿ, ಇಳಿಹೊತ್ತಿಗೆ ಬತ್ತುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಸಾಧು. ಹಿರಿಯರು ಇದನ್ನೆಲ್ಲ ಪಂಚಾಂಗ ನೋಡಿಯೇ ಹೇಳುತ್ತಿದ್ದರು. ನೀವು ಕಾರವಾರದ ಉಬ್ಬರ ಇಳಿತದ ಕೋಷ್ಟಕವನ್ನು ಮೊಬೈಲಿನಲ್ಲಿ ನೋಡಿದರೂ ಸಾಕು. ಅಳಿವೆಯ ಬಾಯಿಯಿಂದ ಒಳಗೆ ಹೋದಷ್ಟೂ ನೀರು ಕೊಂಚ ತಡವಾಗಿ ತಲುಪುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಇಳಿತದ ಹೊತ್ತಿನಲ್ಲಿ ಅಳಿವೆಯಲ್ಲಿ ಜನ ಇರುತ್ತಾರೆ, ಉಬ್ಬರದಲ್ಲಿ ದೋಣಿಗಳು ಇರುತ್ತವೆ. ಇಷ್ಟು ತಿಳಿದರೆ ಯಾವಾಗ ಎಲ್ಲಿರಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲ ಸಲ ಬರುವವರಿಗೆ ಯಾವ ದಾರಿ?

ದೊಡ್ಡ ಸುತ್ತು. ಒಟ್ಟು ಸುಮಾರು 60 ಕಿಲೋಮೀಟರ್. ಆತುರವಿಲ್ಲದವರಿಗೆ ಒಂದು ದಿನದ ಕೆಲಸ.

ಕುಮಟಾ ಪೇಟೆಯಿಂದ ಬೆಳಿಗ್ಗೆ ಆರೂವರೆಗೆಲ್ಲ ಹೊರಟು ಪಶ್ಚಿಮಕ್ಕೆ ಹೊಲನಗದ್ದೆ, ಕಡ್ಲೆ ಕಡೆ ಹೋಗಿ. ಮನೆಗಳ ನಡುವಿನ ಕಿರುದಾರಿ, ಎರಡೂ ಬದಿ ಚಿರೆಕಲ್ಲಿನ ಪಾಗಾರ, ಮೇಲೆ ತೆಂಗು. ತಿರುವಿನಲ್ಲಿ ಗಂಟೆ ಬಾರಿಸುತ್ತಲೇ ಹೋಗಿ, ಏಕೆಂದರೆ ಎದುರಿನಿಂದ ಬರುವುದು ಮೀನಿನ ಬುಟ್ಟಿ ಕಟ್ಟಿದ ಸ್ಕೂಟರ್. ಅಲ್ಲಿಂದ ಬಾಡ, ಗುಡೇಅಂಗಡಿ ಹಾದು ಕಾಗಾಲದ ಕಡೆ ತಿರುಗಿದರೆ ಗುಡ್ಡದ ಏರು ಬರುತ್ತದೆ. ಡಾಂಬರು ರಸ್ತೆ ಇದೆ. ಬೇಡವಾದರೆ ಗೇರುಮರಗಳ ನಡುವೆ ಜಂಬಿಟ್ಟಿಗೆಯ ಕಾಲುದಾರಿಗಳೂ ಇವೆ. ಈ ಗುಡ್ಡದ ನೆತ್ತಿಯೇ ನಿಜವಾದ ಗ್ರಾವೆಲ್. ಚಪ್ಪಟೆಯಾದ ಕಪ್ಪು ಜಂಬಿಟ್ಟಿಗೆ ಹಾಸು, ಅದರ ಮೇಲೆ ಕಡಲೆಗಾತ್ರದ ಕೆಂಪು ಹರಳು, ಚಕ್ರದ ಅಡಿಯಲ್ಲಿ ಹುರಿಗಡಲೆ ಅಗಿದಂತೆ ಸದ್ದು. ತಿರುವಿನಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದಿರೋ, ಹರಳೆಲ್ಲ ಚಕ್ರದಡಿ ಗೋಲಿಯಂತೆ ಉರುಳಿ ನೀವು ಮಂಡಿಯ ಮೇಲೆ. ನನ್ನ ಎಡ ಮಂಡಿಯಲ್ಲಿ ಇದಕ್ಕೆ ಸಾಕ್ಷಿ ಇದೆ.

ಗುಡ್ಡವಿಳಿದರೆ ಅಘನಾಶಿನಿ ಊರು. ಅಲ್ಲಿ ದೋಣಿ ಹತ್ತಿ ತದಡಿಗೆ ದಾಟಿ. ತದಡಿಯ ಮೀನುಗಾರಿಕೆ ಬಂದರು ನೋಡಿಕೊಂಡು ಸಾಣಿಕಟ್ಟಾ ಮೂಲಕ ಗೋಕರ್ಣ. ಅಲ್ಲಿ ಊಟ, ಬಿಸಿಲು ಇಳಿಯುವವರೆಗೆ ವಿಶ್ರಾಂತಿ. ಸಂಜೆ ತೊರ್ಕೆ, ಮಾದನಗೇರಿ ಕಡೆಯಿಂದ ಹೆದ್ದಾರಿ ಸೇರಿ ಹಿರೇಗುತ್ತಿ, ಬರ್ಗಿ, ಮಿರ್ಜಾನ, ದೀವಗಿ ಸೇತುವೆ ದಾಟಿ ಕುಮಟಾ. ಈ ಕೊನೆಯ 20 ಕಿಲೋಮೀಟರ್ ಹೆದ್ದಾರಿ ನನಗೆ ಇಷ್ಟವಿಲ್ಲ. ಲಾರಿಗಳ ಗಾಳಿಗೇ ಸೈಕಲ್ ಪಕ್ಕಕ್ಕೆ ಸರಿಯುತ್ತದೆ. ಹಿಂದೆ ಕೆಂಪು ದೀಪ ಇಲ್ಲದೆ ಅಲ್ಲಿಗೆ ಇಳಿಯಬೇಡಿ. ಸಾಕೆನಿಸಿದರೆ ಬಂದ ದಾರಿಯಲ್ಲೇ ದೋಣಿ ಹತ್ತಿ ಹಿಂದಿರುಗಬಹುದು, ನಾನು ಸಾಮಾನ್ಯವಾಗಿ ಮಾಡುವುದೂ ಅದನ್ನೇ.

ಗಜನಿ ಕಟ್ಟೆಗಳ ಮೇಲೆ ಸೈಕಲ್ ಓಡಿಸಬಹುದೇ? ಚಿತ್ರಗಳಲ್ಲಿ ನೋಡಿ ಆಸೆಯಾಗಿದೆ.

ಎರಡೂ ಕಡೆ ನೀರು, ನಡುವೆ ಗೆರೆ ಎಳೆದಂತೆ ಒಂದು ಮಣ್ಣಿನ ಕಟ್ಟೆ. ಆಸೆಯಾಗುವುದು ಸಹಜ. ಮೊದಲು ಆ ಕಟ್ಟೆ ಏನು ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಿ.

ಮಳೆಗಾಲದಲ್ಲಿ ನದಿಯ ನೀರು ಸಿಹಿಯಾದಾಗ ಗಜನಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆಯುವ ಎತ್ತರದ ತಳಿ, ಅಕ್ಕಿ ಕೆಂಪು. ಅದರ ಗಂಜಿ ಉಂಡವರಿಗೆ ಬೇರೆ ಗಂಜಿ ಸಪ್ಪೆ. ಗೊಬ್ಬರ ಬೇಡ, ಔಷಧಿ ಬೇಡ. ಜೂನ್‌ನಲ್ಲಿ ಬಿತ್ತಿದರೆ ಅಕ್ಟೋಬರ್ ಸುಮಾರಿಗೆ ಕೊಯ್ಲು. ಕೊಯ್ಲಾದ ಮೇಲೆ ಕಟ್ಟೆಯ ಮರದ ಹಲಗೆ ಬಾಗಿಲು ತೆರೆದು ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ, ಮೀನು ಒಳಗೆ ಬಂದು ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಗದ್ದೆಯಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಇವೆಲ್ಲ ನಿಂತಿರುವುದು ಆ ಕಟ್ಟೆಯ ಮೇಲೆ. ಕಟ್ಟೆ ಒಡೆದರೆ ಒಬ್ಬರ ಗದ್ದೆಯಲ್ಲ, ಇಡೀ ಬಯಲೇ ಉಪ್ಪು ತಿನ್ನುತ್ತದೆ. ಮಾಣಿಕಟ್ಟಾದಂಥ ಕಡೆ ಇಂದಿಗೂ ಕಗ್ಗ ಉಳಿದಿರುವುದು ರೈತರು ಒಟ್ಟಾಗಿ ಕಟ್ಟೆ ಕಾಯುವುದರಿಂದ.

ಸರ್ಕಾರ ಕಟ್ಟಿದ, ಕಲ್ಲು ಹಾಸಿದ ಅಗಲವಾದ ಒಡ್ಡುಗಳಿವೆ. ಖಾರ್‌ಲ್ಯಾಂಡ್ ಒಡ್ಡು ಎನ್ನುತ್ತಾರೆ. ಅವುಗಳ ಮೇಲೆ ಜನ ಓಡಾಡುತ್ತಾರೆ, ಒಣಗಿರುವಾಗ ನೀವೂ ನಿಧಾನವಾಗಿ ಹೋಗಬಹುದು. ಹುಲ್ಲು ಹೊದ್ದ ಕಿರಿದಾದ ಮಣ್ಣಿನ ಕಟ್ಟೆಗಳ ಮೇಲೆ ಚಕ್ರ ಇಡಬೇಡಿ. ನಾನು ಇಟ್ಟಿದ್ದೇನೆ, ಅದಕ್ಕೇ ಹೇಳುತ್ತಿರುವುದು.

ಐದಾರು ವರ್ಷಗಳ ಹಿಂದೆ, ಹೆಗಡೆಯ ಆಚೆ. ನವೆಂಬರ್ ಮೊದಲ ವಾರ. ಮೇಲೆ ಒಣಗಿ ಬಿರುಕು ಬಿಟ್ಟಿದ್ದ ಕಟ್ಟೆ. ನೂರು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ ಒಳಗೆ ಕುಸಿಯಿತು. ಏಡಿಗಳು ತೋಡಿದ್ದ ಬಿಲದ ಮೇಲೆ ಮಣ್ಣಿನ ತೆಳು ಚಾವಣಿ ಇತ್ತಷ್ಟೆ. ಸೈಕಲ್ ಎಳೆದುಕೊಂಡೆ. ಎಳೆದ ಜಾಗದಲ್ಲಿ ಅಂಗೈ ಅಗಲದ ಹೆಂಟೆ ಕಳಚಿ ನೀರಿಗೆ ಬಿತ್ತು. ಆಚೆ ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಬಾಗಿ ಕೆಸರು ತೆಗೆದು ಆ ಗುಂಡಿಗೆ ಮೆತ್ತಿ, ಕಾಲಿನಿಂದ ತುಳಿದು, ಮೇಲೆ ಒಂದು ಹಿಡಿ ಹುಲ್ಲು ಒತ್ತಿ, “ತಮಾ, ಇದು ರಸ್ತೆಯಲ್ಲ, ಗದ್ದೆಯ ಗೋಡೆ. ನಿನ್ನ ಮನೆಯ ಗೋಡೆಯ ಮೇಲೆ ನೀನು ಸೈಕಲ್ ಓಡಿಸುತ್ತೀಯೇ?” ಎಂದರು. ಉತ್ತರ ಹೊಳೆಯದೆ ಸೈಕಲ್ ಹೊತ್ತುಕೊಂಡು ಹಿಂದಕ್ಕೆ ನಡೆದೆ.

ಅಘನಾಶಿನಿ–ತದಡಿ ದೋಣಿಯಲ್ಲಿ ಸೈಕಲ್ ಹಾಕಿಕೊಳ್ಳುತ್ತಾರೆಯೇ?

ಹಾಕಿಕೊಳ್ಳುತ್ತಾರೆ. ಸ್ಕೂಟರ್, ಮೋಟಾರ್ ಸೈಕಲ್ಲುಗಳನ್ನೇ ದಾಟಿಸುತ್ತಾರೆ, ನಿಮ್ಮ ಹತ್ತು ಕಿಲೋ ಸೈಕಲ್ ಯಾವ ಲೆಕ್ಕ. ಆದರೆ ಶಾಲೆ ಮಕ್ಕಳೂ ಮೀನು ಮಾರುವ ಹೆಂಗಸರೂ ನಿತ್ಯ ಹೋಗಿಬರುವ ದೋಣಿ ಇದು. ಹತ್ತು ಜನ ಹತ್ತು ಸೈಕಲ್ ಒಟ್ಟಿಗೆ ನುಗ್ಗಿದರೆ ಅವರಿಗೆ ಜಾಗವಿಲ್ಲ. ಗುಂಪಾಗಿ ಬಂದರೆ ಎರಡು ಮೂರು ಸಲಕ್ಕೆ ಹಂಚಿಕೊಳ್ಳಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆಯೇ ದಕ್ಕೆಯಲ್ಲಿ ಕೇಳಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಕಣ್ಣಿಗೆ ಕಾಣುವ ಆಚೆ ದಡಕ್ಕೆ ದೀವಗಿ ಸುತ್ತಿ ಹೋಗಬೇಕು. ಚಿಲ್ಲರೆ ಇಟ್ಟುಕೊಳ್ಳಿ.

ಇಳಿತದಲ್ಲಿ ನೀರಿನ ನಡುವೆ ನಿಂತಿರುವ ಹೆಂಗಸರು ಏನು ಮಾಡುತ್ತಿರುತ್ತಾರೆ? ಹತ್ತಿರ ಹೋಗಿ ಫೋಟೊ ತೆಗೆಯಬಹುದೇ?

ಬಳಚು ಹೆಕ್ಕುತ್ತಿರುತ್ತಾರೆ. ಎರಡು ಚಿಪ್ಪಿನ ಸಣ್ಣ ಮೃದ್ವಂಗಿ, ಈ ಅಳಿವೆಯ ಚಿನ್ನ ಅದು. ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಿಂದ ತಡವಿ, ಕೈಯಿಂದ ಎತ್ತಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಸಾವಿರಾರು ಕುಟುಂಬಗಳ ಒಲೆ ಉರಿಯುವುದು ಇದರಿಂದ. ಸುಮಾರು ಎರಡು ದಶಕಗಳ ಹಿಂದೆ ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಮಾತು ಬಂದಾಗ ಜನ ಎದ್ದು ನಿಂತದ್ದಕ್ಕೆ ಇದೂ ಒಂದು ಕಾರಣ. ಬಿಸಿನೀರು ಬಿಟ್ಟರೆ ಬಳಚು ಉಳಿಯುತ್ತದೆಯೇ ಎಂಬ ಆತಂಕ ಅದು.

ಫೋಟೊ ಬಗ್ಗೆ: ಕೇಳಿ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ದುಡಿಯುವವರನ್ನು ದಡದಿಂದ ದೊಡ್ಡ ಲೆನ್ಸ್ ಹಾಕಿ ಹಿಡಿಯುವುದು ನನಗಂತೂ ಹಿಡಿಸುವುದಿಲ್ಲ. ಕೆಲಸ ಮುಗಿಸಿ ದಡಕ್ಕೆ ಬಂದಾಗ “ಅಕ್ಕ, ಇವತ್ತು ಬಳಚು ಹೇಗೆ?” ಎಂದು ಮಾತಿಗೆ ಶುರುಮಾಡಿ. ಇಷ್ಟವಿದ್ದರೆ ಒಂದು ಅಳತೆ ಕೊಳ್ಳಿ. ಕುಮಟಾದ ಮನೆಯಲ್ಲಿ ಉಳಿದುಕೊಂಡಿದ್ದರೆ ತೆಂಗಿನಕಾಯಿ ಹಾಕಿ ಸುಕ್ಕಾ ಮಾಡಿಕೊಡುತ್ತಾರೆ.

ಸಾಣಿಕಟ್ಟಾದ ಉಪ್ಪಿನಾಗರದ ಒಳಗೆ ಹೋಗಬಹುದೇ?

ರಸ್ತೆಯಿಂದಲೇ ಬೇಕಾದಷ್ಟು ಕಾಣುತ್ತದೆ. ಚೌಕ ಚೌಕವಾದ ಮಡಿಗಳು, ಅಂಚಿನಲ್ಲಿ ಬಿಳಿ ರಾಶಿ. ನಾಗರಬೈಲ್ ಉಪ್ಪು ಮಾಲೀಕರ ಸಹಕಾರಿ ಸಂಘದವರು ನಡೆಸುವ ಆಗರ ಇದು. ಬೇಸಿಗೆಯಲ್ಲಿ ಮಾತ್ರ ಕೆಲಸ. ಮಡಿಯ ನೆಲವನ್ನು ಕಾಲಿನಿಂದ ತುಳಿತುಳಿದು ಗಟ್ಟಿ ಮಾಡಿರುತ್ತಾರೆ. ಅದರ ಬದುವಿನ ಮೇಲೆ ಟೈರಿನ ಗುರುತು ಮೂಡಿಸಿದರೆ ಅಷ್ಟು ದಿನದ ಬೆವರಿಗೆ ಅವಮಾನ. ಸೈಕಲ್ ರಸ್ತೆಯಲ್ಲಿ ನಿಲ್ಲಿಸಿ, ಕೇಳಿ, ನಡೆದು ನೋಡಿ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾ ಇಲ್ಲಿಂದ ದೂರವಿಲ್ಲ ಎಂಬುದು ನೆನಪಾದರೆ ಇನ್ನೂ ಒಂದು ಗಳಿಗೆ ಹೆಚ್ಚು ನಿಲ್ಲುತ್ತೀರಿ. ಚಳಿಗಾಲದಲ್ಲಿ ಪಕ್ಕದ ನೀರಿನಲ್ಲಿ ವಲಸೆ ಹಕ್ಕಿಗಳು ಕೆಸರು ಕೆದಕುತ್ತಿರುತ್ತವೆ.

ಗೋಕರ್ಣದ ಓಂ ಬೀಚ್‌ನಿಂದ ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳ ಕಡೆಗೆ ಸೈಕಲ್ಲಿನಲ್ಲಿ ಹೋಗಬಹುದಲ್ಲವೇ?

ಬೇಡ. ಅದು ಬಂಡೆಗಳ ಅಂಚಿನ ನಡಿಗೆಯ ದಾರಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ಕಡಲು. ನಡೆಯುವವರಿಗೇ ಅಲ್ಲಿ ಕಾಲು ಜಾರುತ್ತದೆ. ಓಂ ಬೀಚ್‌ವರೆಗೆ ರಸ್ತೆಯಿದೆ, ಅಲ್ಲಿಗೆ ಸೈಕಲ್ ಸಾಕು.

ಮರಳಿನ ಮೇಲೆ, ಕಡಲತೀರದ ಉದ್ದಕ್ಕೂ?

ಇಳಿತದಲ್ಲಿ ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿ, ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಗಾಳಿಪಟದಂತೆ ಹೋಗಬಹುದು. ಹಾಗಿದ್ದೂ ನಾನು ಬಿಟ್ಟಿದ್ದೇನೆ. ಮೊದಲನೆಯದು, ಉಪ್ಪು ಮರಳು ಚೈನಿಗೂ ಬೇರಿಂಗಿಗೂ ವಿಷ. ಎರಡನೆಯದು, ಈ ಕರಾವಳಿಯ ತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ನೀರಿನ ಗೆರೆಗಿಂತ ಮೇಲಿನ ಒಣ ಮರಳಿನಲ್ಲಿ ಎಲ್ಲಿ ಗೂಡಿದೆಯೋ ನಿಮಗೆ ಕಾಣುವುದಿಲ್ಲ. ರಾತ್ರಿ ದೀಪ ಹಾಕಿಕೊಂಡು ತೀರದಲ್ಲಿ ಸುತ್ತುವುದಂತೂ ಸರ್ವಥಾ ಸಲ್ಲದು. ಮರಿಗಳು ಕಡಲಿನ ಕಡೆ ಹೋಗುವುದು ಬೆಳಕು ನೋಡಿಕೊಂಡು. ನಿಮ್ಮ ಹೆಡ್‌ಲೈಟ್ ಅವುಗಳಿಗೆ ಸುಳ್ಳು ಹೇಳುತ್ತದೆ.

ಮಿರ್ಜಾನ ಕೋಟೆಗೆ ಹೋಗುವುದು ಲೇಸೇ?

ಖಂಡಿತ. ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಆಸುಪಾಸು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡಿರುವ ಜಂಬಿಟ್ಟಿಗೆ ಕೋಟೆ. ಕಾಳುಮೆಣಸಿನ ವ್ಯಾಪಾರ ಈ ನದಿಯ ಮೂಲಕವೇ ನಡೆಯುತ್ತಿತ್ತು. ಬೆಳಿಗ್ಗೆ ಬೇಗ ಹೋದರೆ ಜನ ಇರುವುದಿಲ್ಲ. ಸೈಕಲ್ ಹೊರಗೇ ಬಿಡಿ, ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ ಅದು.

ಟೈರು ಎಷ್ಟು ದಪ್ಪ ಇರಬೇಕು? ಪಂಕ್ಚರ್ ಕಾಟ ಇದೆಯೇ?

40 ಮಿಲಿಮೀಟರ್ ಇದ್ದರೆ ನೆಮ್ಮದಿ, 45 ಇದ್ದರೆ ಇನ್ನೂ ಒಳ್ಳೆಯದು. 70 ಕಿಲೋ ತೂಗುವ ನಾನು ಗಾಳಿಯ ಒತ್ತಡವನ್ನು ಮುಂದೆ 30, ಹಿಂದೆ 35 ಪಿಎಸ್‌ಐ ಇಟ್ಟುಕೊಳ್ಳುತ್ತೇನೆ.

ಮುಳ್ಳಿನ ಪಂಕ್ಚರ್ ಆಗುತ್ತದೆ, ಅದಕ್ಕೆ ಟ್ಯೂಬ್‌ಲೆಸ್ ಟೈರಿನ ದ್ರವ ಸಾಕು. ಇಲ್ಲಿನ ನಿಜವಾದ ಶತ್ರು ಚಿಪ್ಪು. ಅಳಿವೆಯ ಅಂಚಿನ ದಾರಿಗಳಲ್ಲಿ ಚಿಪ್ಪಿನ ಚೂರು ಹರಡಿರುತ್ತದೆ. ಬಳಚಿನದ್ದಾದರೆ ಪುಡಿಯಾಗುತ್ತದೆ. ಬಂಡೆಗೆ ಅಂಟಿ ಬೆಳೆಯುವ ಸಿಂಪಿಯ ಚಿಪ್ಪು ಮಾತ್ರ ಕ್ಷೌರದ ಅಲಗಿನಂತೆ ಟೈರಿನ ಪಕ್ಕವನ್ನೇ ಸೀಳುತ್ತದೆ. ಒಮ್ಮೆ ತದಡಿಯ ಹತ್ತಿರ ಒಂದಿಂಚು ಸೀಳು ಬಿದ್ದು ದ್ರವವೆಲ್ಲ ಹಾಲಿನಂತೆ ಸುರಿದುಹೋಯಿತು. ಪುಸ್ತಕದಲ್ಲಿ ಓದಿದಂತೆ ಹತ್ತು ರೂಪಾಯಿ ನೋಟು ಮಡಚಿ ಒಳಗಿಟ್ಟು ಟ್ಯೂಬ್ ಹಾಕಿದೆ. ಎರಡು ಕಿಲೋಮೀಟರಿಗೆ ನೋಟೂ ಹರಿಯಿತು. ಊರಿನ ಸೈಕಲ್ ಅಂಗಡಿಯವರು ನಕ್ಕು, ಹಳೆಯ ಸ್ಕೂಟರ್ ಟ್ಯೂಬಿನಿಂದ ಅಂಗೈಯಷ್ಟು ತುಂಡು ಕತ್ತರಿಸಿ, ಉಜ್ಜಿ, ಒಳಗಿನಿಂದ ಸಲ್ಯೂಶನ್ ಹಾಕಿ ಅಂಟಿಸಿದರು. ಆ ಟೈರು ಇನ್ನೂ ಒಂದು ವರ್ಷ ಓಡಿತು. ಈಗ ಅಂಥ ತುಂಡೊಂದು ಸದಾ ನನ್ನ ಚೀಲದಲ್ಲಿರುತ್ತದೆ, ಜೊತೆಗೆ ಒಂದು ಟ್ಯೂಬು, ಕೈ ಪಂಪು.

ಉಪ್ಪುಗಾಳಿಯಿಂದ ಸೈಕಲ್ ಹಾಳಾಗುವುದಿಲ್ಲವೇ?

ಆಗುತ್ತದೆ. ಬಾಡಿಗೆಗೆ ತಂದ ಸೈಕಲ್ಲೊಂದನ್ನು ಒಮ್ಮೆ ತೊಳೆಯದೆ ಎರಡು ರಾತ್ರಿ ಬಿಟ್ಟೆ. ಮೂರನೆಯ ಬೆಳಿಗ್ಗೆ ಚೈನಿನ ಮೇಲೆ ಕಿತ್ತಳೆ ಬಣ್ಣದ ಪುಡಿ. ದಿನದ ಕೊನೆಗೆ ಸಿಹಿನೀರಿನಲ್ಲಿ ತೊಳೆಯಿರಿ. ಬಾವಿಯಿಂದ ಎರಡು ಕೊಡ ಸಾಕು, ಪೈಪಿನ ರಭಸ ಬೇಡ, ಅದು ಬೇರಿಂಗಿನ ಒಳಗೆ ಉಪ್ಪನ್ನು ತಳ್ಳುತ್ತದೆ. ಒರೆಸಿ, ಒಣಗಿಸಿ, ಚೈನಿಗೆ ಎಣ್ಣೆ. ತೆಂಗಿನೆಣ್ಣೆ ಅಲ್ಲ. ಇದನ್ನೂ ಕೇಳಿದವರಿದ್ದಾರೆ.

ಬೆಂಗಳೂರಿನಿಂದ ಸೈಕಲ್ ತರುವುದು ಹೇಗೆ?

ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಸಂಜೆ ಹೊರಟು ಬೆಳಿಗ್ಗೆ ಕುಮಟಾ ತಲುಪಿಸುತ್ತದೆ, ಗೋಕರ್ಣ ರೋಡ್ ನಿಲ್ದಾಣವೂ ಅದೇ ದಾರಿಯಲ್ಲಿದೆ. ಎರಡೂ ಚಕ್ರ ಬಿಚ್ಚಿ ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ತುರುಕುವವರೂ ಇದ್ದಾರೆ, ಪಾರ್ಸಲ್ ಮಾಡಿಸುವವರೂ ಇದ್ದಾರೆ. ಪಾರ್ಸಲ್ ಆದರೆ ಬೇಗ ಹೋಗಿ ರಸೀದಿ ಮಾಡಿಸಿ, ಗೇರಿನ ಭಾಗಕ್ಕೆ ರಟ್ಟು ಕಟ್ಟಿ. ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲೂ ಹಿಡಿಸುತ್ತದೆ. ಅದರ ಬಾಡಿಗೆ ನಿಮ್ಮ ಮಾತಿನ ಚಾತುರ್ಯಕ್ಕೆ ಬಿಟ್ಟದ್ದು.

ತಿನ್ನಲು, ಕುಡಿಯಲು?

ಗಜನಿ ಬಯಲಿನಲ್ಲಿ ಅಂಗಡಿಯಿಲ್ಲ, ನೆರಳೂ ಇಲ್ಲ. ಎರಡು ಬಾಟಲಿ ತುಂಬಿಸಿಕೊಂಡೇ ಹೊರಡಿ. ಸುತ್ತಲೂ ನೀರಿದ್ದರೂ ಕುಡಿಯುವಂಥದ್ದು ಒಂದು ತೊಟ್ಟಿಲ್ಲ. ಕುಮಟಾದಲ್ಲಿ ಬೆಳಿಗ್ಗೆ ಬನ್ಸ್, ಬಾಜಿ ತಿಂದು ಹೊರಟರೆ ತದಡಿಯವರೆಗೆ ಹಸಿವಿಲ್ಲ. ದಾರಿಯಲ್ಲಿ ಸೀಯಾಳ, ಬೇಸಿಗೆಯಲ್ಲಿ ಮುರುಗಲ ಹಣ್ಣಿನ ಪಾನಕ. ಸವಾರಿಯ ನಡುವೆ ಶಕ್ತಿಗೆಂದು ಪ್ಯಾಕೆಟ್ ಜೆಲ್ ತಿನ್ನುವವರು ಅದರ ಹಾಳೆಯನ್ನು ಜೇಬಿಗೇ ಹಾಕಿಕೊಳ್ಳಿ. ಕಾಂಡ್ಲಾ ಬೇರಿಗೆ ಸಿಕ್ಕಿದ ಪ್ಲಾಸ್ಟಿಕ್ಕನ್ನು ಯಾವ ಉಬ್ಬರವೂ ಬಿಡಿಸುವುದಿಲ್ಲ.

ಡ್ರೋನ್ ಹಾರಿಸಬಹುದೇ?

ಹಕ್ಕಿಗಳು ತಿನ್ನುತ್ತಿರುವ ಹೊತ್ತಿನಲ್ಲಿ ಬೇಡವೇ ಬೇಡ. ಅದರ ಸದ್ದಿಗೆ ಇಡೀ ಹಿಂಡು ಎದ್ದು ಹಾರುತ್ತದೆ. ದೂರದಿಂದ ಬಂದ ಹಕ್ಕಿಗೆ ಒಂದೊಂದು ಹಾರಾಟವೂ ಖರ್ಚು. ಸೈಕಲ್ ಸದ್ದಿಲ್ಲದ ವಾಹನ, ಆ ಅನುಕೂಲವನ್ನು ಮೇಲಿನಿಂದ ಕೆಡಿಸಿಕೊಳ್ಳುವುದೇಕೆ?

ನಾಯಿಗಳು?

ಇವೆ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಮನೆಯವರು ಒಳಗಿನಿಂದ ಹೆಸರು ಹಿಡಿದು ಗದರುವವರೆಗೆ ಅವು ಬೊಗಳುತ್ತವೆ, ಆಮೇಲೆ ಬಾಲ ಅಲ್ಲಾಡಿಸುತ್ತವೆ.

ಇನ್ನೊಂದು ದಿನ ಉಳಿದರೆ ಎಲ್ಲಿಗೆ?

ದಕ್ಷಿಣಕ್ಕೆ ಧಾರೇಶ್ವರ ಹಾದು ಹೊನ್ನಾವರ. ಅಲ್ಲಿ ಶರಾವತಿಯ ಅಳಿವೆಯಲ್ಲಿ ಕಾಂಡ್ಲಾ ಕಾಡಿನ ನಡುವೆ ನಡೆಯಲು ಹಲಗೆ ದಾರಿ ಮಾಡಿದ್ದಾರೆ. ಸೈಕಲ್ ಹೊರಗೆ ನಿಲ್ಲಿಸಿ ನಡೆದರೆ ಇಲ್ಲಿ ದೂರದಿಂದ ನೋಡಿದ ಬೇರುಗಳನ್ನು ಅಲ್ಲಿ ಮೂಗಿನ ತುದಿಯಲ್ಲಿ ನೋಡಬಹುದು. ಸೇತುವೆಯಾಚೆ ಕಾಸರಕೋಡು ತೀರ, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದದ್ದು. ಅಘನಾಶಿನಿಯ ಮೂಲ ನೋಡುತ್ತೇನೆ ಎಂದು ಹಟ ಹಿಡಿದವರು ಘಟ್ಟ ಹತ್ತಿ ಶಿರಸಿ ಕಡೆ ಹೋಗಬೇಕು, ಅದು ಬೇರೆಯೇ ಪ್ರವಾಸ. ಮಂಜುಗುಣಿ ಎಂಬ ಊರು ಅಂಕೋಲಾದ ಕಡಲ ಬದಿಯಲ್ಲೂ ಒಂದಿದೆ, ಶಿರಸಿ ಬಳಿಯೂ ಒಂದಿದೆ. ನದಿ ಹುಟ್ಟುವುದು ಶಿರಸಿಯದರ ಹತ್ತಿರ. ಮೊಬೈಲ್ ನಕ್ಷೆ ನಂಬಿ ಇನ್ನೊಂದಕ್ಕೆ ಹೋದವರನ್ನು ಬಲ್ಲೆ.

ಕುಮಟಾ ಈರುಳ್ಳಿ ಕೊಂಡರೆ ಸೈಕಲ್ಲಿನಲ್ಲಿ ತರಬಹುದೇ?

ತಮಾಷೆಯಲ್ಲ, ಈ ಪ್ರಶ್ನೆ ಐದು ಜನ ಕೇಳಿದ್ದಾರೆ. ಬೇಸಿಗೆಯಲ್ಲಿ ಹೆದ್ದಾರಿ ಪಕ್ಕದ ಚಪ್ಪರಗಳಲ್ಲಿ ಜಡೆ ಹೆಣೆದ ಸಿಹಿ ಈರುಳ್ಳಿ ಗೊಂಚಲು ತೂಗುಬಿಟ್ಟಿರುತ್ತಾರೆ. ಹಸಿಯಾಗಿ ತಿಂದರೂ ಕಣ್ಣಲ್ಲಿ ನೀರು ಬಾರದು. ಹ್ಯಾಂಡಲ್ಲಿಗೆ ನೇತುಹಾಕಬೇಡಿ, ಪ್ರತಿ ತುಳಿತಕ್ಕೂ ಮೊಣಕಾಲಿಗೆ ಬಡಿಯುತ್ತದೆ, ಇಳಿಜಾರಿನಲ್ಲಿ ಚಕ್ರದ ಕಡ್ಡಿಗೆ ಸಿಕ್ಕರೆ ನೀವೂ ಈರುಳ್ಳಿಯೂ ಒಟ್ಟಿಗೆ ನೆಲಕ್ಕೆ. ಜಡೆಯನ್ನು ಬೆನ್ನಿಗೆ ಅಡ್ಡವಾಗಿ ಜನಿವಾರದಂತೆ ಹಾಕಿಕೊಂಡು ಪಂಚೆಯ ತುಂಡಿನಿಂದ ಸೊಂಟಕ್ಕೆ ಬಿಗಿದರೆ ಕುಮಟಾ ನಿಲ್ದಾಣದವರೆಗೆ ಅಲುಗದೆ ಬರುತ್ತದೆ. ಕಟ್ಟಿಕೊಡಿ ಎಂದರೆ ಮಾರುವವರೇ ಕಟ್ಟಿಕೊಡುತ್ತಾರೆ.